ಬೇಸಿಗೆ ರಜೆಯಲ್ಲಿ ಒಣಗುವ ಹಸಿರು

ಏಪ್ರಿಲ್ 10ರ ಸುಮಾರಿಗೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಬೀಗ ಬೀಳುತ್ತದೆ. ಮೂರ್ನಾಲ್ಕು ದಿನಕ್ಕೆ ಅಶ್ವಿನಿ ಮಳೆ ಹುಟ್ಟುತ್ತದೆ. ಅದರ ಹಿಂದೆ ಭರಣಿ, ಬಂದರೆ ಧರಣಿಯೆಲ್ಲಾ ಬೆಳೆ ಎಂದು ರೈತರು ಕಾಯುವ ಮಳೆ. ಕೃತ್ತಿಕೆಯೂ ಮುಗಿದು ರೋಹಿಣಿ ಕಾಲಿಟ್ಟ ಮೇಲೆ, ಮೇ ಕೊನೆಗೆ ಶಾಲೆಯ ಬಾಗಿಲು ತೆರೆಯುತ್ತದೆ. ಇಷ್ಟೂ ದಿನ ಚಾವಣಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಯಿತೆಂದು ಕೇಳುವವರು ಶಾಲೆಯಲ್ಲಿ ಇರುವುದಿಲ್ಲ. ಹಿಂದಿನ ಜೂನ್‌ನಲ್ಲಿ ನೆಟ್ಟ ಸಸಿ ಮಾರ್ಚ್ ತನಕ ಮಕ್ಕಳ ಬಾಟಲಿಯ ನೀರು ಕುಡಿದು ಬದುಕಿದ್ದರೂ, ಮಳೆ ಕೈಕೊಟ್ಟ ವರ್ಷ ಈ ಏಳು ವಾರ ದಾಟುವುದು ಕಷ್ಟ. ಜೂನ್ 5ಕ್ಕೆ ಮತ್ತೆ ಪರಿಸರ ದಿನ, ಮತ್ತೆ ಗುಂಡಿ.

ಶಾಲೆಗಳನ್ನು ಪರಿಸರಸ್ನೇಹಿ ಮಾಡುವುದು ಹೇಗೆ ಎಂಬ ಚರ್ಚೆ ಶುರುವಾದಾಗಲೆಲ್ಲ ಮಾತು ಹೋಗುವುದು ಏನನ್ನು ತಂದು ಕೂರಿಸಬೇಕು ಎಂಬ ಕಡೆಗೆ. ಸೌರಫಲಕ, ಮಳೆನೀರಿನ ತೊಟ್ಟಿ, ಗೊಬ್ಬರದ ಗುಂಡಿ, ಕೈತೋಟ. ತಂದು ಕೂರಿಸಿದ್ದನ್ನು ಯಾರು ನೋಡಿಕೊಳ್ಳಬೇಕು, ಅವರಿಗೆ ಸಂಬಳ ಯಾರು ಕೊಡಬೇಕು ಎಂಬ ಪ್ರಶ್ನೆ ಬಂದಾಗ ಸಭೆಯಲ್ಲಿ ಕಾಫಿ ಬಂದಿರುತ್ತದೆ. ನಮ್ಮ ಶಾಲೆಗಳಿಗೆ ಯೋಜನೆಗಳ ಬರ ಬಂದದ್ದೇ ಇಲ್ಲ. ಬರ ಇರುವುದು ನಿರ್ವಹಣೆಗೆ.

ಪರಿಸರವನ್ನು ಪಠ್ಯದಲ್ಲಿ ಕಡ್ಡಾಯ ಮಾಡಬೇಕೆಂದು ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಿಗೆ ಇಕೋ ಕ್ಲಬ್ ಬಂದದ್ದು 2001-02ರಲ್ಲಿ. ಅರಣ್ಯ ಇಲಾಖೆ ‘ಮಗುವಿಗೊಂದು ಮರ, ಶಾಲೆಗೊಂದು ವನ’ ಎಂದಿತು. ಮಾಲಿನ್ಯ ನಿಯಂತ್ರಣ ಮಂಡಳಿ ‘ಪರಿಸರ ಮಿತ್ರ ಶಾಲೆ’ ಪ್ರಶಸ್ತಿ ಕೊಡತೊಡಗಿತು. 2024ರಲ್ಲಿ ತಾಯಿಯ ಹೆಸರಿನಲ್ಲೊಂದು ಗಿಡ ನೆಟ್ಟು ಫೋಟೊವನ್ನು ಪೋರ್ಟಲ್‌ಗೆ ಹಾಕಿ ಎಂದು ಕೇಂದ್ರದ ಸೂಚನೆ ಬಂತು. ಇವುಗಳಲ್ಲಿ ಯಾವುದೂ ಕೆಟ್ಟ ಯೋಚನೆಯಲ್ಲ. ಆದರೆ ಸಸಿ ನೆಡುವ ದಿನ ಕ್ಯಾಮೆರಾ ಹಿಡಿದು ನಿಲ್ಲುವ ವ್ಯವಸ್ಥೆ, ಮುಂದಿನ ಯುಗಾದಿಗೆ ಆ ಸಸಿಯ ಬುಡದಲ್ಲಿ ತೇವ ಇದೆಯೇ ಎಂದು ನೋಡಲು ಬರುವುದಿಲ್ಲ.

ಈ ಕಥೆಯ ದೊಡ್ಡ ಉದಾಹರಣೆ ಸುವರ್ಣ ಜಲ. ರಾಜ್ಯ ಏಕೀಕರಣಕ್ಕೆ ಐವತ್ತು ತುಂಬಿದ 2006ರ ಹೊತ್ತಿಗೆ, ಗ್ರಾಮೀಣ ಭಾಗದ 20 ಸಾವಿರಕ್ಕೂ ಹೆಚ್ಚು ಶಾಲೆಗಳ ಚಾವಣಿಯ ಮಳೆನೀರು ಹಿಡಿದು ಮಕ್ಕಳಿಗೆ ಕುಡಿಯಲು ಕೊಡುವ ಯೋಜನೆಯದು. ಅಷ್ಟು ಶಾಲೆಗಳನ್ನು ಒಂದೇ ಏಟಿಗೆ ತಲುಪುವ ಮಳೆನೀರಿನ ಯೋಜನೆಯನ್ನು ಯೋಚಿಸಿದ್ದೇ ಧೈರ್ಯದ ಕೆಲಸ. ಈಗ ಹಳ್ಳಿ ಶಾಲೆಗಳ ಹಿಂಬದಿಗೆ ಹೋದರೆ ಅದರ ಅವಶೇಷ ಕಾಣಬಹುದು. ಗೋಡೆಯ ಮೇಲೆ ಅರ್ಧಕ್ಕೆ ನಿಂತ ಪಿವಿಸಿ ಪೈಪು, ಅದರ ಕೆಳಗಿನ ಎಲ್ಬೊ ಯಾವತ್ತೋ ಬಿದ್ದುಹೋಗಿರುತ್ತದೆ. ಸೋಸುವ ತೊಟ್ಟಿಯ ಮರಳು, ಇದ್ದಿಲಿನ ನಡುವೆ ಹುಲ್ಲು. ಟ್ಯಾಂಕಿನ ಮುಚ್ಚಳ ಕಾಣೆಯಾಗಿ ಒಳಗೆ ಚಪ್ಪಲಿ, ಚೆಂಡು. ಪೈಪಿನ ಎಲ್ಬೊಗೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ರೂಪಾಯಿ ಕೂಡ ಆಗುವುದಿಲ್ಲ. ಸಾವಿರಾರು ರೂಪಾಯಿಯ ತೊಟ್ಟಿ ಅಷ್ಟಕ್ಕೆ ಸತ್ತಿರುತ್ತದೆ.

ಹಾಗೆಂದು ಮಳೆನೀರು ಕೊಯ್ಲು ಕೆಲಸಕ್ಕೆ ಬಾರದು ಎನ್ನುವುದು ಸೋಮಾರಿ ತೀರ್ಮಾನ. ಪಾವಗಡವನ್ನೇ ನೋಡಬಹುದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ತಾಲ್ಲೂಕು ಅದು. ಒಂದು ಲೀಟರ್‌ನಲ್ಲಿ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡುತ್ತದೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಆದ ಕಲೆ ಉಜ್ಜಿದರೆ ಹೋಗುವುದಿಲ್ಲ. ಊರೂರಿಗೆ ಬಂದ ಶುದ್ಧ ನೀರಿನ ಘಟಕಗಳು ಫ್ಲೋರೈಡ್ ತೆಗೆಯುತ್ತವೆ ನಿಜ, ಆದರೆ ಹಾಗೆ ಸೋಸುವಾಗ ಅಪರೂಪದ ಅಂತರ್ಜಲದಲ್ಲಿ ದೊಡ್ಡ ಪಾಲನ್ನು ಚರಂಡಿಗೆ ಬಿಡುತ್ತವೆ. ಮಳೆನೀರಿನಲ್ಲಿ ಫ್ಲೋರೈಡ್‌ನ ತಾಪತ್ರಯ ಇಲ್ಲ.

ಅಲ್ಲಿ ಸಾಕಷ್ಟು ಮಳೆಯೇ ಆಗುವುದಿಲ್ಲವಲ್ಲ ಎಂದು ಕೇಳುವವರು ಒಂದು ಹಾಳೆ, ಪೆನ್ಸಿಲ್ ತೆಗೆದುಕೊಂಡು ಕೂರಬೇಕು. ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ಎರಡು ಕೋಣೆ, ಒಂದು ಜಗಲಿ ಇರುವ ಶಾಲೆಯ ಚಾವಣಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ವರ್ಷಕ್ಕೆ ಬರೀ 500 ಮಿ.ಮೀ. ಮಳೆ ಎಂದು ಹಿಡಿದರೂ 50 ಸಾವಿರ ಲೀಟರ್. ಆವಿಯಾದದ್ದು, ಚೆಲ್ಲಿದ್ದು, ಚಾವಣಿ ತೊಳೆಯಲು ಬಿಟ್ಟ ಮೊದಲ ನೀರು ಎಂದು ಐದರಲ್ಲಿ ಒಂದು ಪಾಲು ಕಳೆದರೆ ಉಳಿಯುವುದು 40 ಸಾವಿರ. ಅರವತ್ತು ಮಕ್ಕಳಿಗೆ ದಿನಕ್ಕೆ ತಲಾ ಎರಡು ಲೀಟರ್‌ನಂತೆ, 220 ಶಾಲಾ ದಿನಕ್ಕೆ ಬೇಕಾದದ್ದು 26,400 ಲೀಟರ್. ಕುಡಿಯುವುದಕ್ಕೆ ಸಾಕಾಗಿ ಮಿಗುತ್ತದೆ. ತೊಡಕು ಇರುವುದು ಸಂಗ್ರಹದಲ್ಲಿ. ಮಳೆ ನವೆಂಬರ್‌ಗೆ ನಿಂತರೆ ಏಪ್ರಿಲ್ ತನಕ ನೂರಕ್ಕೂ ಹೆಚ್ಚು ಶಾಲಾ ದಿನ ಒಣ ದಿನಗಳು. ಅದಕ್ಕೆ 12–13 ಸಾವಿರ ಲೀಟರ್ ಹಿಡಿಯುವ ತೊಟ್ಟಿ ಬೇಕು. ರಾಜ್ಯಕ್ಕೆಲ್ಲ ಒಂದೇ ಅಳತೆಯ ತೊಟ್ಟಿ ಕಟ್ಟಿದರೆ ಆಗುಂಬೆಯಲ್ಲಿ ಅದು ಉಕ್ಕುತ್ತದೆ, ಪಾವಗಡದಲ್ಲಿ ಸಂಕ್ರಾಂತಿಗೇ ಬರಿದಾಗುತ್ತದೆ. ಈ ಲೆಕ್ಕವನ್ನು ಏಳನೇ ತರಗತಿಯ ಮಕ್ಕಳೇ ಮಾಡಬಲ್ಲರು. ಚಾವಣಿ ಅಳೆಯುವುದು, ನಲ್ಲಿಯಿಂದ ಸೋರುವ ಹನಿಗಳನ್ನು ಬಕೆಟ್ಟಿನಲ್ಲಿ ಹಿಡಿದು ಎಣಿಸುವುದು – ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಹಲವು ವರ್ಷಗಳಿಂದ ನಡೆಸುತ್ತಿರುವ ಹಸಿರು ಶಾಲೆ ಕಾರ್ಯಕ್ರಮದ ತಿರುಳು ಇಂಥ ಅಳತೆಯೇ. ನೀರು, ಗಾಳಿ, ವಿದ್ಯುತ್, ಆಹಾರ, ನೆಲ, ಕಸ ಎಲ್ಲದರ ಲೆಕ್ಕವನ್ನೂ ಮಕ್ಕಳು ಹಾಕುತ್ತಾರೆ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಹಾಳು ಮಾಡುತ್ತದೆ ಎಂದು ಒಮ್ಮೆ ಕಂಡುಕೊಂಡ ಮಗು ಮನೆಯ ನಲ್ಲಿಯನ್ನೂ ತಿರುಗಿ ನೋಡುತ್ತದೆ.

ಅದೇ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ ಹರಡಿದ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ತಿರುಮಣಿ, ವಳ್ಳೂರಿನ ಹೊಲಗಳ ಮೇಲೆ ಕಣ್ಣು ಹಾಯಿಸಿದಷ್ಟೂ ನೀಲಿ ಹಾಳೆ. ಶಾಲೆಯ ಚಾವಣಿಗೂ ಎರಡು ಮೂರು ಕಿಲೋವಾಟ್ ಹಾಕುವುದು ತಂತ್ರಜ್ಞಾನದ ದೃಷ್ಟಿಯಿಂದ ದೊಡ್ಡ ಮಾತಲ್ಲ. ಒಂದು ಕಿಲೋವಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಕೆಲವು ಫ್ಯಾನು, ಬಲ್ಬು, ಒಂದು ಕಂಪ್ಯೂಟರ್ ಇರುವ ಶಾಲೆಗೆ ಅದು ಧಾರಾಳ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಮುಖ್ಯಮಂತ್ರಿ ಘೋಷಿಸಿದ್ದು ಸರಿಯಾದ ಕ್ರಮವೇ. ಬಿಲ್ ಕಟ್ಟಲು ಮುಖ್ಯ ಶಿಕ್ಷಕರು ಜೇಬು ತಡಕುವ ಕಾಲ ಹೋಯಿತು. ಆದರೆ ಬಿಲ್ಲೇ ಇಲ್ಲದ ಮೇಲೆ ಉಳಿತಾಯದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬಿಸಿಲು ಅತಿ ಹೆಚ್ಚಿರುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಮುಚ್ಚಿರುತ್ತದೆ. ಚಾವಣಿಯ ಫಲಕದಲ್ಲಿ ಆಗ ಹುಟ್ಟುವ ಕರೆಂಟು ಗ್ರಿಡ್‌ಗೆ ಹೋಗಿ, ಅದರ ದುಡ್ಡು ಶಾಲೆಯ ಖಾತೆಗೇ ಬಂದರೆ ಉಚಿತ ವಿದ್ಯುತ್ತಿಗಿಂತ ದೊಡ್ಡ ಉಪಕಾರ. ಅಷ್ಟು ಹಣ ಫಲಕದ ಧೂಳು ಒರೆಸುವ ಕೂಲಿಗಾದರೂ ಆದೀತು.

ಸೌರವಿದ್ಯುತ್ ಸಂಸ್ಥೆ ಸೆಲ್ಕೊ ರಾಜ್ಯದ ಹಳ್ಳಿ ಶಾಲೆಗಳಲ್ಲಿ ಮಾಡಿದ ಒಂದು ಏರ್ಪಾಟು ಇಲ್ಲಿ ನೆನಪಿಗೆ ಬರುತ್ತದೆ. ಫಲಕ ಶಾಲೆಯಲ್ಲಿ, ದೀಪ ಮನೆಯಲ್ಲಿ. ಮಗು ದೀಪದ ಪುಟ್ಟ ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜಿಗೆ ಇಟ್ಟು, ಸಂಜೆ ಮನೆಗೆ ಒಯ್ದು ಅದರ ಬೆಳಕಿನಲ್ಲಿ ಓದುತ್ತದೆ. ಅದು ಕೆಟ್ಟರೆ ಮೊದಲು ಗಲಾಟೆ ಮಾಡುವುದು ಮಕ್ಕಳೇ, ಏಕೆಂದರೆ ಅವತ್ತು ರಾತ್ರಿ ಮನೆಯಲ್ಲಿ ಕತ್ತಲು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಇಕೋ ಕ್ಲಬ್ ಪದಾಧಿಕಾರಿಗಳ ಪಟ್ಟಿ ಮಾಸಿದರೆ ಯಾರೂ ಗಲಾಟೆ ಮಾಡುವುದಿಲ್ಲ.

ಇನ್ನು ಕಟ್ಟಡ. ಹಳೆಯ ಶಾಲೆಗಳಿಗೆ ಮಂಗಳೂರು ಹಂಚು ಇತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಕರಾವಳಿ, ಮಲೆನಾಡಿನ ಶಾಲೆಗಳ ಮೇಲೆ ಕೂತ ಕೆಂಪು ಹಂಚು. ಅದರ ಸಂದಿಯಿಂದ ಬಿಸಿಗಾಳಿ ತಾನಾಗಿ ಹೊರಟುಹೋಗುತ್ತಿತ್ತು. ಹಂಚು ಒಡೆದರೆ ಮಂಗನನ್ನು ಬೈದು ಒಂದು ಹಂಚು ಬದಲಿಸಿದರೆ ಆಯಿತು. ಕಲಬುರಗಿ ಕಡೆ ಶಹಾಬಾದ್ ಕಲ್ಲಿನ ಚಪ್ಪಡಿ. ಈಗ ಬೀದರ್‌ನಿಂದ ಚಾಮರಾಜನಗರದವರೆಗೆ ಬಹುತೇಕ ಹೊಸ ಕೊಠಡಿಗಳು ಒಂದೇ ನಕ್ಷೆಯ ಕಾಂಕ್ರೀಟ್ ಪೆಟ್ಟಿಗೆಗಳು. ರಾಯಚೂರಿನ ಮಾರ್ಚ್ ಮಧ್ಯಾಹ್ನ ಅದರೊಳಗೆ ಗಣಿತ ಕಲಿಸುವುದು ಹೇಗೆಂದು ನಕ್ಷೆ ಬರೆದವರು ಒಂದು ದಿನ ಬಂದು ತೋರಿಸಬೇಕು. ಬೇಸಿಗೆಯಲ್ಲಿ ಅಲ್ಲಿ ತರಗತಿಯನ್ನು ಬೆಳಗಿನ ಹೊತ್ತಿಗೆ ತಳ್ಳುವುದು ಕಟ್ಟಡ ಸೋತಿದೆ ಎಂಬುದಕ್ಕೆ ಸಾಕ್ಷಿ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ತಂದಿತು. ಚಾವಣಿಗೆ ಬಿಳಿ ಬಳಿದರೆ ಒಳಗಿನ ಬಿಸಿ ಎರಡರಿಂದ ಐದು ಡಿಗ್ರಿ ಇಳಿಯಬಹುದು. ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಇದಕ್ಕಿಂತ ಅಗ್ಗದ ತಂಪು ಸಿಗದು. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವವರಿಗೆ ಏಣಿ ಕೊಟ್ಟು ಚಾವಣಿಗೂ ಹತ್ತಿಸಿದರೆ ಮುಗಿಯಿತು.

ಲಡಾಖ್‌ನ ಶೇ ಊರಿನ ಡ್ರುಕ್ ಪದ್ಮ ಕರ್ಪೊ ಶಾಲೆಯನ್ನು ‘ತ್ರೀ ಈಡಿಯಟ್ಸ್’ ಸಿನಿಮಾದಲ್ಲಿ ನೋಡಿದವರೆಲ್ಲ ಬಲ್ಲರು. ಬಿಸಿಲನ್ನು ಹಗಲು ಹಿಡಿದಿಟ್ಟು ರಾತ್ರಿ ಬಿಡುವ ಗೋಡೆ, ನೀರೇ ಬೇಡದ ಶೌಚಾಲಯ. ಅದನ್ನು ನೋಡಿ ಬಂದ ನಮ್ಮವರು ಅಂಥದೇ ಶಾಲೆ ಇಲ್ಲೂ ಕಟ್ಟಬೇಕೆನ್ನುತ್ತಾರೆ. ಲಡಾಖ್‌ನವರು ಮಾಡಿದ್ದು ಅಲ್ಲಿನ ಕಲ್ಲು, ಮಣ್ಣು, ಚಳಿಗೆ ತಕ್ಕ ಶಾಲೆ. ಅದರಿಂದ ಕಲಿಯಬೇಕಾದದ್ದು ಇಷ್ಟೇ: ಶಿರಸಿಯ ಶಾಲೆಗೂ ಸಿಂಧನೂರಿನ ಶಾಲೆಗೂ ಒಂದೇ ನಕ್ಷೆ ಇರಬಾರದು.

ಸರ್ಕಾರಿ ಶಾಲೆಯ ಮಧ್ಯಾಹ್ನದ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಬಿಸಿಯೂಟ ಮುಗಿದ ಮೇಲೆ ಮಕ್ಕಳು ಸಾಲಾಗಿ ನಲ್ಲಿಯ ಮುಂದೆ ಕೂತು ತಟ್ಟೆ ತೊಳೆಯುತ್ತಾರೆ. ಸ್ಟೀಲ್ ತಟ್ಟೆಯ ಮೇಲೆ ಸಾಂಬಾರಿನ ಹಳದಿ ಗೆರೆ, ಅಂಗೈಯಿಂದ ಒಮ್ಮೆ ಉಜ್ಜಿ, ನೀರು ಚಿಮುಕಿಸಿ, ಮತ್ತೊಮ್ಮೆ ಉಜ್ಜಿ. ಒಬ್ಬೊಬ್ಬರಿಗೆ ಒಂದು ಲೀಟರ್ ಆದರೂ ಅರವತ್ತು ಮಕ್ಕಳಿಗೆ ಅರವತ್ತು ಲೀಟರ್. ಅನ್ನದ ಅಗುಳು ತುಂಬಿದ ಆ ನೀರು ಸಾಮಾನ್ಯವಾಗಿ ಗೇಟಿನ ಪಕ್ಕ ಕೊಚ್ಚೆಯಾಗಿ ನಿಂತು ಸೊಳ್ಳೆ ಸಾಕುತ್ತದೆ. ನಲ್ಲಿಯ ಕೆಳಗೆ ಒಂದು ಜಾಲರಿ, ಅಲ್ಲಿಂದ ಹತ್ತು ಅಡಿ ಕಾಲುವೆ, ಅದರ ಕೊನೆಗೆ ನಾಲ್ಕು ಬಾಳೆ, ಎರಡು ನುಗ್ಗೆ, ಒಂದು ಕರಿಬೇವು – ಹೀಗೆ ಮಾಡಿಕೊಂಡ ಶಾಲೆಗಳಲ್ಲಿ ಕೊಚ್ಚೆಯೂ ಇಲ್ಲ, ಸಾಂಬಾರಿಗೆ ನುಗ್ಗೆಸೊಪ್ಪಿಗೂ ಬರವಿಲ್ಲ. ಜಾಲರಿಯಲ್ಲಿ ಉಳಿದ ಅಗುಳು ಊರ ಕೋಳಿಗೆ. ಶಾಲಾ ಪೌಷ್ಟಿಕ ತೋಟಕ್ಕೆ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು; ಅದಕ್ಕೂ ಮೊದಲೇ ಅಡುಗೆಯ ಅಮ್ಮಂದಿರು ಇದನ್ನು ಕಂಡುಕೊಂಡಿದ್ದರು.

ದಕ್ಷಿಣ ಕನ್ನಡದ ಕೆಲವು ಸರ್ಕಾರಿ ಶಾಲೆಗಳು ಒಂದು ಹೆಜ್ಜೆ ಮುಂದೆ ಹೋಗಿವೆ. ಶಾಲೆಯ ಜಾಗದಲ್ಲಿ ಊರವರು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸೇರಿ ಅಡಿಕೆ ಸಸಿ ನೆಟ್ಟು, ಫಸಲು ಬಂದ ಮೇಲೆ ಆ ಹಣದಲ್ಲಿ ಗೌರವ ಶಿಕ್ಷಕರಿಗೆ ಸಂಬಳ, ದುರಸ್ತಿ ಖರ್ಚು ನಡೆಸುತ್ತಾರೆ. ಒಂದೇ ಬೆಳೆಯ ತೋಟಕ್ಕೆ ಪರಿಸರದ ಹೆಸರು ಕೊಡಬೇಕೇ ಎಂದು ಮೂಗು ಮುರಿಯುವವರು ಇದ್ದಾರೆ. ಅವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೇಸಿಗೆಯಲ್ಲಿ ಆ ಗಿಡಗಳು ಒಣಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಡಿಕೆ ಮರ ಒಣಗಿದರೆ ಯಾರಿಗೆ ನಷ್ಟ ಎಂದು ಊರಿಗೆ ಗೊತ್ತು.

ಖಾಸಗಿ ಶಾಲೆಗಳ ಕಥೆಯೇ ಬೇರೆ. ಬೆಂಗಳೂರಿನ ದುಬಾರಿ ಶಾಲೆಗಳ ಬ್ರೋಷರ್‌ನಲ್ಲಿ ಹಸಿರು ಧಾರಾಳವಾಗಿ ಇರುತ್ತದೆ, ಅದರಲ್ಲಿ ಸಾಕಷ್ಟು ಪ್ಲಾಸ್ಟಿಕ್ ಹುಲ್ಲು. ಬೆಳಗ್ಗೆ ಎಂಟಕ್ಕೆ ಗೇಟಿನ ಮುಂದೆ ಒಂದು ಮಗುವಿಗೆ ಒಂದು ಕಾರು, ಎಂಜಿನ್ ಆರಿಸದೆ ಅರ್ಧ ಕಿಲೋಮೀಟರ್ ಸಾಲು. 2024ರ ಮಾರ್ಚ್‌ನಲ್ಲಿ ನಗರದ ಬೋರ್‌ವೆಲ್‌ಗಳು ಕೈಕೊಟ್ಟಾಗ ಟ್ಯಾಂಕರಿಗೆ ಫೋನ್ ಮಾಡಿದವರಲ್ಲಿ ಶಾಲೆಗಳೂ ಇದ್ದವು. ದೊಡ್ಡ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಬೆಂಗಳೂರು ಜಲಮಂಡಳಿ 2009ರಲ್ಲೇ ಕಾನೂನಿನಿಂದ ಕಡ್ಡಾಯ ಮಾಡಿದೆ. ಇವರಿಗೆ ಹಣದ ಕೊರತೆಯಿಲ್ಲ, ಆಳುಗಳ ಕೊರತೆಯೂ ಇಲ್ಲ. ಶಾಲೆಯ ಮಾನ್ಯತೆ ನವೀಕರಿಸುವಾಗ ನೀರಿನ ಲೆಕ್ಕ, ಬಸ್ಸಿನಲ್ಲಿ ಬರುವ ಮಕ್ಕಳ ಲೆಕ್ಕ ಎರಡನ್ನೂ ಕೇಳಿದರೆ ಸಾಕು, ಉಪದೇಶ ಬೇಕಿಲ್ಲ.

ಸರ್ಕಾರಿ ಶಾಲೆಗೆ ಬೇಕಿರುವುದು ಜನ ಮತ್ತು ಚಿಲ್ಲರೆ ಹಣ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳ ತನಕ ಇರುವ ಶಾಲೆಗೆ ವರ್ಷಕ್ಕೆ 10 ಸಾವಿರ ರೂಪಾಯಿ, 100 ಮಕ್ಕಳ ತನಕ 25 ಸಾವಿರ ರೂಪಾಯಿ ಅನುದಾನ. ಸೀಮೆಸುಣ್ಣ, ರಿಜಿಸ್ಟರು, ದುರಸ್ತಿ, ಎಲ್ಲವೂ ಇದರಲ್ಲೇ. ಇದರ ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಇಡಬೇಕೆಂಬ ನಿಯಮ ಇದೆ. ಅಂದರೆ ಸಣ್ಣ ಶಾಲೆಗೆ ವರ್ಷಕ್ಕೆ ಒಂದು ಸಾವಿರ ರೂಪಾಯಿ. ಇದರಲ್ಲಿ ತೊಟ್ಟಿ ತೊಳೆಸಬೇಕೋ ಪೊರಕೆ ತರಬೇಕೋ ಎಂದು ಮುಖ್ಯ ಶಿಕ್ಷಕರು ತಲೆ ಕೆರೆದುಕೊಳ್ಳುತ್ತಾರೆ.

ಈ ನಿರ್ವಹಣೆಯ ಭಾರವನ್ನೂ ಶಿಕ್ಷಕರ ಹೆಗಲಿಗೇ ಹಾಕುವುದು ಸುಲಭ, ಮತ್ತು ತಪ್ಪು. ಚುನಾವಣೆ, ಗಣತಿ, ಸಮೀಕ್ಷೆ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಪೋರ್ಟಲ್‌ನ ಫೋಟೊ ಇವೆಲ್ಲದರ ನಡುವೆ ಪಾಠವನ್ನೂ ಮಾಡುವವರು ಅವರು. ರಜೆಯಲ್ಲಿ ಅವರು ತಮ್ಮ ಊರಿಗೆ ಹೋಗುತ್ತಾರೆ, ಹೋಗಬೇಕು ಕೂಡ.

ಊರಲ್ಲೇ ಉಳಿಯುವವರು ಬಿಸಿಯೂಟದ ಅಡುಗೆಯವರು. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಶುರುವಾದಾಗಿನಿಂದ ಶಾಲೆಯ ನೀರು, ಒಲೆ, ತಟ್ಟೆ, ಕಸ ಎಲ್ಲವೂ ಇವರ ಕೈಯಲ್ಲೇ ಹಾದುಹೋಗುವುದು. ಬಹುತೇಕ ಮಹಿಳೆಯರು, ಶಾಲೆಯಿಂದ ನಾಲ್ಕು ಹೆಜ್ಜೆಯಲ್ಲಿ ಮನೆ. ಕೇಂದ್ರದ ನಿಯಮದಂತೆ ಇವರ ಗೌರವಧನ ವರ್ಷದಲ್ಲಿ ಹತ್ತೇ ತಿಂಗಳಿಗೆ. ತೋಟ, ತೊಟ್ಟಿಗೆ ಆರೈಕೆ ತೀರಾ ಬೇಕಾದ ಬೇಸಿಗೆ ರಜೆಯಲ್ಲೇ ಇವರ ಕೈಗೆ ಕಾಸು ಬರುವುದು ನಿಲ್ಲುತ್ತದೆ. ಆ ಎರಡು ತಿಂಗಳಿಗೂ ಶಾಲೆಗೊಬ್ಬರಿಗೆ ಸಂಬಳ ಕೊಟ್ಟು, ಅಶ್ವಿನಿಗೆ ಮೊದಲು ಚಾವಣಿ ಗುಡಿಸುವ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು ಆಮೇಲಿನದನ್ನು ತೊಟ್ಟಿಗೆ ತಿರುಗಿಸುವ, ಗಿಡಗಳಿಗೆ ದಿನಕ್ಕೊಂದು ಕೊಡ ಹಾಕುವ ಕೆಲಸ ವಹಿಸಬಹುದು. ರಾಜ್ಯದಲ್ಲಿ 45 ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿವೆ. ಶಾಲೆಗೊಬ್ಬರಂತೆ, ತಿಂಗಳಿಗೆ 5 ಸಾವಿರ ರೂಪಾಯಿ ಎಂದು ಹಿಡಿದರೂ ಎರಡು ತಿಂಗಳಿಗೆ ಖರ್ಚು 45 ಕೋಟಿ ರೂಪಾಯಿಯ ಆಸುಪಾಸು. ವರ್ಷಕ್ಕೆ 40 ಸಾವಿರ ಕೋಟಿ ಮೀರುವ ಶಿಕ್ಷಣದ ಬಜೆಟ್‌ನಲ್ಲಿ ಇದು ಕಣ್ಣಿಗೆ ಬೀಳುವ ಮೊತ್ತವಲ್ಲ.

ರಜೆಯಲ್ಲಿ ಶಾಲೆ ತೆರೆಯಲಾಗದು ಎಂಬ ನೆಪವೂ ನಿಲ್ಲುವುದಿಲ್ಲ. 2023ರಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ಮೇಲೆ, 2024ರ ಬೇಸಿಗೆ ರಜೆಯಲ್ಲೂ ಆ ತಾಲ್ಲೂಕುಗಳಲ್ಲಿ ಬಿಸಿಯೂಟ ನಡೆಯಿತು. ಒಲೆ ಹೊತ್ತಿತು, ಮಕ್ಕಳು ಬಂದು ಉಂಡು ಹೋದರು. ಹನ್ನೆರಡೂ ತಿಂಗಳ ವೇತನ ಕೊಡಿ ಎಂದು ಅಕ್ಷರ ದಾಸೋಹ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಬಂದು ಧರಣಿ ಕೂರುವುದು ಹೊಸದೇನಲ್ಲ. ಅವರ ಬೇಡಿಕೆಯ ಕಡತ ಒಂದು ಮೇಜಿನ ಮೇಲೆ, ಶಾಲೆಗಳನ್ನು ಹಸಿರು ಮಾಡುವ ಕಡತ ಇನ್ನೊಂದು ಮೇಜಿನ ಮೇಲೆ ಕೂತಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವ ಅಧಿಕಾರಿಯೊಬ್ಬರು ವಿಧಾನಸೌಧದಲ್ಲಿ ಸಿಕ್ಕರೆ, ಮುಂದಿನ ಬಜೆಟ್‌ಗೆ ಒಂದು ಪ್ಯಾರಾದ ಪ್ರಸ್ತಾವ ಸಾಕು.